3,500 ಪೌಂಡ್ ಆಕ್ಸಲ್‌ನ ಟ್ರಾವೆಲ್ ಟ್ರೇಲರ್: ಬೇರಿಂಗ್ ಕಪ್ ಎಲ್ 68110 ತಗೋಬೇಕೋ, ಎಲ್ 68111 ತಗೋಬೇಕೋ?

ಕೊಲಂಬಸ್_ಕಾವೇರಿ

ಎಲ್ಲರಿಗೂ ನಮಸ್ಕಾರ. ಎರಡು ಆಕ್ಸಲ್‌ನ ಟ್ರಾವೆಲ್ ಟ್ರೇಲರ್. ಆಕ್ಸಲ್ ಮೇಲಿನ ಸ್ಟಿಕರ್‌ನಲ್ಲಿ ತಲಾ 3,500 ಪೌಂಡ್ ಅಂತಿದೆ. 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್, 5 ಬೋಲ್ಟಿನ ಚಕ್ರ. ಬಲಗಡೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತೆ. ನಾಲ್ಕೂ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿಬಿಡೋಣ ಅಂತ ಹುಡುಕಿದರೆ ಆನ್‌ಲೈನ್‌ನಲ್ಲಿ ಹತ್ತಾರು ಕಿಟ್. ಎಲ್ಲದರ ಮೇಲೂ "3,500 ಪೌಂಡ್ ಆಕ್ಸಲ್‌ಗೆ" ಅಂತಲೇ ಇದೆ. ಆದರೆ ಕೆಲವದರಲ್ಲಿ ಒಳಗಿನ ಕಪ್ ಎಲ್ 68110, ಕೆಲವದರಲ್ಲಿ ಎಲ್ 68111. ಬೆಲೆ ನೋಡಿದರೆ ಒಂದಕ್ಕಿಂತ ಇನ್ನೊಂದು ಮೂರ್ನಾಲ್ಕು ಪಟ್ಟು. ಯಾವುದು ಸರಿ? ಬ್ರಾಂಡ್‌ನಲ್ಲಿ ಟಿಮ್ಕೆನ್ ಒಂದೇ ಗತಿಯಾ? ನಾಲ್ಕೂ ಚಕ್ರ ಬದಲಾಯಿಸಬೇಕಾ, ಕೆಟ್ಟಿರೋದು ಒಂದೇ ಸಾಕಾ?

ಗ್ರೀಸ್_ಕೈ

ಮೊದಲು ಕಾರ್ಟ್ ಖಾಲಿ ಮಾಡಿ. ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಬಿಚ್ಚದೆ ಬೇರಿಂಗ್ ಆರ್ಡರ್ ಮಾಡುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ. ಟ್ರೇಲರ್‌ನ ಕಂಪನಿ, ಮಾಡೆಲ್, ವರ್ಷ ಯಾವುದೂ ಇಲ್ಲಿ ಪ್ರಯೋಜನಕ್ಕೆ ಬರಲ್ಲ. ಒಂದೇ ಮಾಡೆಲ್‌ಗೆ ಒಂದು ವರ್ಷ ಒಬ್ಬರ ಆಕ್ಸಲ್, ಮುಂದಿನ ವರ್ಷ ಇನ್ನೊಬ್ಬರದ್ದು ಹಾಕಿರುತ್ತಾರೆ. ನಂಬಬೇಕಾದ್ದು ಮೂರನ್ನು: ಕೋನ್‌ನ ದಪ್ಪ ಬದಿಯ ಮೇಲೆ ಕೊರೆದ ನಂಬರ್, ಕಪ್ಪಿನ ಅಂಚಿನ ನಂಬರ್, ಸ್ಪಿಂಡಲ್‌ನ (ಹಬ್ ತಿರುಗುವ ಆಕ್ಸಲ್ ತುದಿಯ) ಅಳತೆ.

ಶಬ್ದಗಳನ್ನು ಸರಿಯಾಗಿ ಇಟ್ಟುಕೊಳ್ಳೋಣ, ಅಂಗಡಿಯಲ್ಲಿ ಗೊಂದಲ ಆಗೋದು ಅಲ್ಲೇ. ರೋಲರ್‌ಗಳೂ ಕೇಜೂ ಸೇರಿ ಸ್ಪಿಂಡಲ್ ಮೇಲೆ ಕೂರುವ ಭಾಗ ಕೋನ್. ಹಬ್ ಒಳಗೆ ಬಿಗಿಯಾಗಿ ಬಡಿದು ಕೂರಿಸಿದ ಉಕ್ಕಿನ ಬಳೆ ಕಪ್, ಕೆಲವರು ರೇಸ್ ಅಂತಾರೆ. ಎರಡಕ್ಕೂ ಬೇರೆ ಬೇರೆ ನಂಬರ್. ಪ್ರತಿ ಹಬ್‌ನಲ್ಲಿ ಒಳಗೊಂದು ಜೋಡಿ, ಹೊರಗೊಂದು ಜೋಡಿ.

ನಿಮ್ಮದು 3,500 ಪೌಂಡಿನ ಮಾಮೂಲಿ ಸ್ಪಿಂಡಲ್ ಆಗಿದ್ದರೆ, ಅಂದರೆ ಅಮೆರಿಕದ ಅಂಗಡಿಯವರು 84 ನಂಬರಿನ ಸ್ಪಿಂಡಲ್ ಅನ್ನೋದು, ಒಳಗಿನ ಕೋನ್ ಎಲ್ 68149, ಅದರ ತೂತು 1.378 ಇಂಚು. ಹೊರಗಿನ ಕೋನ್ ಎಲ್ 44649, ತೂತು 1.063 ಇಂಚು, ಅದರ ಕಪ್ ಎಲ್ 44610. ಗ್ರೀಸ್ ಸೋರದಂತೆ, ನೀರು ನುಗ್ಗದಂತೆ ಹಬ್ ಹಿಂದೆ ಕೂರುವ ಸೀಲ್ 10-19, ಒಳ ವ್ಯಾಸ 1.719, ಹೊರ ವ್ಯಾಸ 2.565 ಇಂಚು. ಗ್ರೀಸ್ ಕ್ಯಾಪ್ 1.98 ಇಂಚು. ವರ್ನಿಯರ್‌ನಲ್ಲಿ ಸ್ಪಿಂಡಲ್‌ನ ಎರಡು ಕಡೆ ಅಳೆದು 1.378, 1.063 ಬಂದರೆ ಅರ್ಧ ಕೆಲಸ ಮುಗೀತು.

ಅಂದಹಾಗೆ ಎಲ್ 44643 ಅಂತ ಇನ್ನೊಂದು ಕೋನ್ ಇದೆ, ಸಣ್ಣ ಆಕ್ಸಲ್‌ಗಳದ್ದು. ಕಪ್ ಅದೇ ಎಲ್ 44610, ಆದ್ದರಿಂದ ಹಬ್ ಒಳಗೆ ಚೆನ್ನಾಗೇ ಕೂರುತ್ತೆ. ತೂತು ಮಾತ್ರ ಸರಿಯಾಗಿ 1 ಇಂಚು, ನಿಮ್ಮ ಸ್ಪಿಂಡಲ್‌ಗೆ ಹೋಗಲ್ಲ. ಕೊನೆಯ ಅಂಕಿ ಎರಡು ಸಲ ಓದಿ.

ಹುಬ್ಬಳ್ಳಿ_ಹಬ್

68110 ಮತ್ತ 68111 ವಿಚಾರಕ್ಕ ಬರ್ತೀನ್ರಿ, ಮೂಲ ಪ್ರಶ್ನೆ ಅದ. ಭಾಳ ಮಂದಿ ಎರಡೂ ಒಂದ ಅಂತ ತಿಳಕೊಂಡಾರ. ಅಲ್ಲ. ಎರಡೂ ಕಪ್ಪಿನ ಒಳಗ ಎಲ್ 68149 ಕೋನ್ ಚಂದಾಗಿ ಕೂಡ್ತದ, ಇಳಿಜಾರು ಒಂದ, ಅಗಲ ಒಂದ. ಹೊರಗಿನ ವ್ಯಾಸ ಬ್ಯಾರೆ. 68110 ಅಂದ್ರ 2.328 ಇಂಚು, 59.13 ಮಿಲಿಮೀಟರ್. 68111 ಅಂದ್ರ 2.361 ಇಂಚು, 59.97 ಮಿಲಿಮೀಟರ್. ವ್ಯತ್ಯಾಸ 0.84 ಮಿಲಿಮೀಟರ್. ಕಣ್ಣಿಗೆ ಕಾಣಂಗಿಲ್ಲ, ಹಬ್‌ಗೆ ಗೊತ್ತಾಗ್ತದ.

ಟ್ರೇಲರ್ ಹಬ್‌ಗೆ ಬೇಕಾಗೋದು 68111. ಅಲ್ಲೆ 68110 ಹಾಕಿದ್ರ ಸುತ್ತಿಗಿ ಬ್ಯಾಡ, ಬೆರಳಿನಿಂದ ದೂಡಿದ್ರೂ ಒಳಗ ಹೋಗ್ತದ. "ಆಹಾ, ಎಷ್ಟ ಸಲೀಸ ಕೂತ್ತು" ಅಂತ ಖುಷಿ ಪಡಬ್ಯಾಡ್ರಿ. ಕಪ್ ಹಬ್ ಒಳಗ ತಾನ ತಿರುಗಲಿಕ್ಕೆ ಸುರು ಮಾಡ್ತದ, ಹಬ್ಬಿನ ಗೋಡಿ ಸವೀತದ, ಆಮ್ಯಾಗ ಸರಿ ಕಪ್ ತಂದ್ರೂ ಅದೂ ಸಡಲ. ಡ್ರಮ್ ಪೂರಾ ಹೊಸಾದ ತರಬೇಕು. ನಿಯಮ ಒಂದ ನೆನಪಿಡ್ರಿ: ಕಪ್ ಬಡದ ಕೂರಿಸಬೇಕು, ಕೋನ್ ಕೈಯಾಗ ಜಾರಬೇಕು. ಇದು ಉಲ್ಟಾ ಆತು ಅಂದ್ರ ನಂಬರ್ ತಪ್ಪೈತಿ ಅಂತನ ಅರ್ಥ.

ಸಂಶಯ ಬಂದ್ರ ಹಳೇ ಕಪ್ ತಗದು ಹೊರಗಿನ ವ್ಯಾಸ ಅಳೀರಿ. ಇನ್ನ ತಗಿದಿಲ್ಲ ಅಂದ್ರ ಅಂಚಿನ ಮ್ಯಾಲಿನ ಗ್ರೀಸ್ ಒರಸಿ ಬ್ಯಾಟರಿ ಹಿಡೀರಿ, ನಂಬರ್ ಕಾಣ್ತದ.

ಗ್ರೀಸ್_ಕೈ

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು. ಕೆಲವು ಕಿಟ್ ಮಾರುವವರು ಎರಡನ್ನೂ "ಪರ್ಯಾಯ" ಅಂತ ಒಟ್ಟಿಗೆ ಬರೆಯುತ್ತಾರೆ. ಕೋನ್ ಮಟ್ಟಿಗೆ ಆ ಮಾತು ನಿಜ, ಹಬ್ ಮಟ್ಟಿಗೆ ಸುಳ್ಳು.

ಡಲ್ಲಾಸ್_ದಾವಣಗೆರೆ

ನನ್ನದು 6 ಬೋಲ್ಟ್, 12 ಇಂಚಿನ ಡ್ರಮ್. ಇದೇ ನಂಬರ್ ನಡೆಯುತ್ತಾ?

ಗ್ರೀಸ್_ಕೈ

ಇಲ್ಲ ಸರ್. 6 ಬೋಲ್ಟು, 12 ಇಂಚಿನ ಡ್ರಮ್ ಅಂದರೆ ಹೆಚ್ಚಾಗಿ 5,200 ಅಥವಾ 6,000 ಪೌಂಡಿನ ಆಕ್ಸಲ್. ಒಳಗಿನ ಕೋನ್ 25580, ತೂತು 1.750 ಇಂಚು, ಕಪ್ 25520. ಹೊರಗಿನದು ಎಲ್‌ಎಂ 67048, ತೂತು 1.250, ಕಪ್ ಎಲ್‌ಎಂ 67010. ಸೀಲ್ 10-36, ಅಂದರೆ 2.250 ಒಳಗೆ, 3.376 ಹೊರಗೆ. 8 ಬೋಲ್ಟಿನ 7,000 ಪೌಂಡ್ ಆಕ್ಸಲ್‌ನಲ್ಲಿ ಒಳಗಿನದೂ ಸೀಲೂ ಇವೇ, ಹೊರಗಿನ ಜೋಡಿ ಬದಲಾಗುತ್ತೆ: 14125ಎ ಕೋನ್, 14276 ಕಪ್. ಎಲ್‌ಎಂ 67048ಕ್ಕೂ 14125ಎಗೂ ತೂತು ಒಂದೇ 1.250, ಕೋನ್ ಸ್ಪಿಂಡಲ್ ಮೇಲೆ ಸಲೀಸಾಗಿ ಹೋಗಿಬಿಡುತ್ತೆ. ಹೊರಗಿನ ಅಳತೆಯೇ ಬೇರೆ, ಒಂದು 59.13, ಇನ್ನೊಂದು 69.01 ಮಿಲಿಮೀಟರ್. ಹಾಗಾಗಿ ಸ್ಪಿಂಡಲ್ ಅಳತೆ ಒಂದನ್ನೇ ನೆಚ್ಚಿಕೊಂಡು ಆರ್ಡರ್ ಮಾಡಬೇಡಿ, ಕಪ್ಪಿನ ನಂಬರೂ ಕೈಯಲ್ಲಿರಲಿ.

ಇನ್ನೊಂದು ಸಾಧ್ಯತೆ: ಆಕ್ಸಲ್ ಮಾಡುವ ಡೆಕ್ಸ್‌ಟರ್‌ನವರ ನೆವರ್-ಲೂಬ್ ಹಬ್. ಕ್ಯಾಪ್ ತೆಗೆದರೆ ಕೋನ್, ಗ್ರೀಸ್ ಏನೂ ಕಾಣಲ್ಲ, ಒಂದೇ ಮುಚ್ಚಿದ ಉಂಡೆ ಬೇರಿಂಗ್. ಅದಕ್ಕೆ ಗ್ರೀಸ್ ತುಂಬುವ ಮಾತೇ ಇಲ್ಲ. ಆಟ ಬಂತೋ, ಸದ್ದು ಬಂತೋ, ಪೂರ್ತಿ ಕಾರ್ಟ್ರಿಜ್ ಬದಲಾಯಿಸಬೇಕು, ಪ್ರೆಸ್ ಬೇಕು. ಮನೆ ಅಂಗಳದ ಕೆಲಸ ಅಲ್ಲ.

ಮಿನ್ನೆಸೋಟಾ_ಮಲೆನಾಡು

ಬ್ರಾಂಡ್ ವಿಷಯಕ್ಕೆ ಬರೋಣ. ಈ ನಂಬರ್‌ಗಳು ಒಂದು ಕಂಪನಿಯ ಸ್ವಂತ ಆಸ್ತಿಯಾಗಿ ಉಳಿದಿಲ್ಲ. ಎಲ್ ಅಂದರೆ ಹಗುರ, ಎಲ್‌ಎಂ ಅಂದರೆ ಹಗುರಕ್ಕೂ ಮಧ್ಯಮಕ್ಕೂ ನಡುವಿನದು, ಹೀಗೆ ಇಂಚಿನ ಟೇಪರ್ ರೋಲರ್ ಬೇರಿಂಗ್‌ಗಳಿಗೆ ಅಮೆರಿಕದಲ್ಲಿ ಒಂದೇ ಪದ್ಧತಿ. ಟಿಮ್ಕೆನ್, ಕೋಯೋ, ಎಸ್‌ಕೆಎಫ್, ಎನ್‌ಟಿಎನ್, ಚೀನಾದ ಹೆಸರಿಲ್ಲದ ಡಬ್ಬಿ, ಯಾರು ಮಾಡಿದರೂ ಎಲ್ 68149 ಅಂದರೆ ಅಳತೆ ಒಂದೇ. ಅಳತೆ ಒಂದೇ ಇದ್ದ ಮಾತ್ರಕ್ಕೆ ಉಕ್ಕಿನ ಶುದ್ಧತೆ, ಹದ ಮಾಡಿದ ರೀತಿ, ರೋಲರ್‌ನ ನುಣುಪು ಒಂದೇ ಆಗಬೇಕಿಲ್ಲ. ವ್ಯತ್ಯಾಸ ಇರುವುದು ಅಲ್ಲಿ, ಬೆಲೆಯ ವ್ಯತ್ಯಾಸವೂ ಅಲ್ಲಿಂದಲೇ.

ಸೇಂಟ್ ಲೂಯಿಸ್‌ನಲ್ಲಿ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಟೇಪರ್ ರೋಲರ್ ಬೇರಿಂಗ್‌ಗೆ ಪೇಟೆಂಟ್ ಪಡೆದದ್ದು ಇದೇ ಸಮಸ್ಯೆಗೆ: ಗಾಡಿ ತಿರುವಿನಲ್ಲಿ ಹೊರಳಿದಾಗ ಚಕ್ರದ ಮೇಲೆ ಬರುವ ಪಕ್ಕದ ಒತ್ತಡ. ಎರಡು ಆಕ್ಸಲ್‌ನ ಟ್ರೇಲರ್‌ಗೆ ಇದು ಇನ್ನೂ ಹೆಚ್ಚು. ಕ್ಯಾಂಪ್‌ಗ್ರೌಂಡ್‌ನಲ್ಲಿ ಹಿಂದಕ್ಕೆ ತಳ್ಳುತ್ತಾ ಗಟ್ಟಿಯಾಗಿ ತಿರುಗಿಸುವಾಗ ನಾಲ್ಕೂ ಟೈರ್ ನೆಲವನ್ನು ಉಜ್ಜುತ್ತವಲ್ಲ, ಆ ಎಳೆತವೆಲ್ಲ ಬೇರಿಂಗ್ ಮೇಲೆಯೇ.

"ಮೇಡ್ ಇನ್ ಇಂಡಿಯಾ" ಅಂತ ಕಂಡರೆ ಗಾಬರಿ ಬೇಡ. ಟಿಮ್ಕೆನ್‌ಗೆ ಜಮ್ಶೆಡ್‌ಪುರದಲ್ಲಿ ಕಾರ್ಖಾನೆ ಇದೆ, ಟಿಮ್ಕೆನ್ ಇಂಡಿಯಾದ ಕಚೇರಿ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲೇ. ದೇಶಕ್ಕಿಂತ ಕಂಪನಿಯ ತಪಾಸಣೆ ಮುಖ್ಯ. ಹೆದರಬೇಕಾದ್ದು ನಕಲಿಗೆ. ಬೆಲೆ ಅರ್ಧಕ್ಕಿಂತ ಕಡಿಮೆ, ಡಬ್ಬಿಯ ಮುದ್ರಣ ಮಸುಕು, ಕೋನ್ ಮೇಲೆ ಕಂಪನಿ ಹೆಸರಾಗಲಿ ನಂಬರಾಗಲಿ ಇಲ್ಲ, ಅಥವಾ ಡಬ್ಬಿಯ ಮೇಲೊಂದು ನಂಬರ್, ಕೋನ್ ಮೇಲೆ ಇನ್ನೊಂದು ಅಂತಾದರೆ ವಾಪಸ್ ಕಳಿಸಿ. ಯಾರ್ಯಾರೋ ಮಾರುವ ಆನ್‌ಲೈನ್ ಸಂತೆಗಿಂತ ಬೇರಿಂಗ್ ಅಂಗಡಿ ಅಥವಾ ಟ್ರೇಲರ್ ಬಿಡಿಭಾಗದ ಅಂಗಡಿ ವಾಸಿ.

ಕೊನೆಗೆ, ಇದನ್ನು ಒಪ್ಪದವರು ಇರಬಹುದು: ಚೆನ್ನಾಗಿರುವ ಹಳೆ ಬೇರಿಂಗನ್ನು ತೆಗೆದು ಹೆಸರಿಲ್ಲದ ಹೊಸದು ಹಾಕುವುದು ಲಾಭವಲ್ಲ, ನಷ್ಟ. ಐದು ವರ್ಷ ಆಯ್ತು ಅನ್ನೋದು ಬದಲಾಯಿಸಲು ಕಾರಣ ಅಲ್ಲ. ಬಿಚ್ಚಿ, ತೊಳೆದು, ನೋಡಿ, ಆಮೇಲೆ ತೀರ್ಮಾನ. ಸೀಲ್ ಮಾತ್ರ ಬಿಚ್ಚಿದಾಗಲೆಲ್ಲ ಹೊಸದು.

ಕೊಲಂಬಸ್_ಕಾವೇರಿ

ಹಬ್ ಬಿಚ್ಚಿದೆ. ಕೋನ್ ಎಲ್ 68149, ಕಪ್ 68111, ಹೊರಗಿನದು 44649, 44610. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಗರಗರ ಅನ್ನುತ್ತಿದ್ದ ಚಕ್ರದ ಒಳಗಿನ ಕಪ್ಪಿನಲ್ಲಿ ಒಂದು ಕಡೆ ಕಪ್ಪು ಗೆರೆಗಳು, ಒಂದಕ್ಕೊಂದು ಸಮ ಅಂತರ. ಅದೇ ಕೋನ್‌ನ ಒಳಗಿನ ದಾರಿಯಲ್ಲಿ ಒಂದು ಕಡೆ ಸಣ್ಣ ಚಕ್ಕೆ ಎದ್ದಂತಿದೆ, ಉಗುರಿಗೆ ಸಿಕ್ಕುತ್ತೆ. ಹೊರಗಿನ ಬೇರಿಂಗ್ ಹೊಳೀತಾ ಇದೆ. ಎಡಗಡೆಯ ಎರಡೂ ಚಕ್ರ ಚೆನ್ನಾಗಿವೆ.

ಮಿನ್ನೆಸೋಟಾ_ಮಲೆನಾಡು

ಗೆರೆಗಳ ಅಂತರ ರೋಲರ್‌ಗಳ ಅಂತರಕ್ಕೆ ಸರಿಹೊಂದುತ್ತದಾ ನೋಡಿ. ಹೊಂದಿದರೆ ಅದು ನೀರು. ಟ್ರೇಲರ್ ತಿಂಗಳುಗಟ್ಟಲೆ ನಿಂತಾಗ ಒಳಗೆ ನುಗ್ಗಿದ ನೀರು ಹಬ್‌ನ ತಳದಲ್ಲಿ ಸೇರುತ್ತೆ. ರೋಲರ್ ಕಪ್ಪನ್ನು ಮುಟ್ಟುವ ಗೆರೆಯ ಉದ್ದಕ್ಕೂ ಅದು ಉಕ್ಕನ್ನು ತಿನ್ನುತ್ತೆ. ಚಳಿಗಾಲವೆಲ್ಲ ಅಲ್ಲಾಡದೆ ನಿಂತ ಗಾಡಿಯಲ್ಲಿ ಇದು ಮಾಮೂಲಿ ಚಿತ್ರ. ಹಾಗಾದರೆ ತಪ್ಪು ಬೇರಿಂಗಿನದಲ್ಲ, ಹಿಂದಿನ ಸೀಲಿನದು. ಸೀಲಿನ ತುಟಿ ಗಟ್ಟಿಯಾಗಿದೆಯಾ, ಸ್ಪಿಂಡಲ್ ಮೇಲೆ ಸೀಲ್ ಓಡುವ ಜಾಗದಲ್ಲಿ ಗೀರು ಬಿದ್ದಿದೆಯಾ ನೋಡದೆ ಹೊಸ ಬೇರಿಂಗ್ ಹಾಕಿದರೆ ಮುಂದಿನ ವರ್ಷ ಇದೇ ಕಥೆ.

ಕೋನ್‌ನಲ್ಲಿ ಒಂದೇ ಕಡೆ ಚಕ್ಕೆ ಎದ್ದಿರುವುದಕ್ಕೆ ಕಾರಣ ಇದೆ. ಟ್ರೇಲರ್‌ನಲ್ಲಿ ತಿರುಗುವುದು ಹಬ್, ಅಂದರೆ ಕಪ್. ಕೋನ್‌ನ ಒಳಬಳೆ ಸ್ಪಿಂಡಲ್ ಮೇಲೆ ಹೆಚ್ಚುಕಡಿಮೆ ನಿಂತೇ ಇರುತ್ತೆ, ಭಾರವೆಲ್ಲ ಅದರ ಕೆಳಮಗ್ಗುಲಿಗೆ. ಕಪ್ಪಿನಲ್ಲಿ ಕೊರೆದ ಗೆರೆಗಳ ಮೇಲೆ ರೋಲರ್ ಹಾದುಹೋದಾಗಲೆಲ್ಲ ಆ ಕೆಳಮಗ್ಗುಲಿಗೆ ಪೆಟ್ಟು. ಚಕ್ಕೆ ಏಳೋದು ಅಲ್ಲಿಂದ. ಒಮ್ಮೆ ಎದ್ದರೆ ಆ ಪುಡಿಯೇ ಉಳಿದದ್ದನ್ನು ತಿನ್ನುತ್ತೆ.

ಬೇರೆ ಬೇರೆ ಗುರುತುಗಳನ್ನೂ ಬರೆದುಬಿಡುತ್ತೇನೆ, ಬೇರೆಯವರಿಗೆ ಉಪಯೋಗವಾಗಲಿ. ನೀಲಿ ಅಥವಾ ಒಣಹುಲ್ಲಿನ ಬಣ್ಣ ಬಂದಿದ್ದರೆ ಬಿಸಿಯಾಗಿದೆ: ನಟ್ ಬಿಗಿಯಾಗಿತ್ತು ಅಥವಾ ಗ್ರೀಸ್ ಇರಲಿಲ್ಲ. ಉಕ್ಕಿನ ಹದ ಹೋಗಿರುತ್ತೆ, ಎಷ್ಟೇ ನುಣುಪಾಗಿ ಕಂಡರೂ ಬಿಸಾಡಿ. ಬರೀ ಗ್ರೀಸ್ ಕಲೆಯಾದರೆ ಒರೆಸಿದರೆ ಹೋಗುತ್ತೆ, ಅದಕ್ಕೆ ಹೆದರಬೇಡಿ. ಕಪ್ಪಿನಲ್ಲಿ ಸಮ ಅಂತರದ ತಗ್ಗುಗಳಿದ್ದು ಒಳಗೆ ಮೂಲ ನುಣುಪು ಹಾಗೇ ಇದ್ದರೆ ದೊಡ್ಡ ಪೆಟ್ಟು ಬಿದ್ದಿದೆ, ಗುಂಡಿಗೋ ಕಟ್ಟೆಗೋ ಚಕ್ರ ಹೊಡೆದಿರಬಹುದು, ಇಲ್ಲ ಕೂರಿಸುವಾಗ ಸುತ್ತಿಗೆ ತಪ್ಪಾದ ಜಾಗಕ್ಕೆ ಬಿದ್ದಿರಬಹುದು. ಕೇಜ್ ಸೊಟ್ಟಗಾಗಿ ರೋಲರ್ ಅಲುಗಾಡಿದರೆ ಕೋನ್ ಕಸಕ್ಕೆ.

ನಿಮ್ಮ ವಿಷಯದಲ್ಲಿ: ಆ ಹಬ್‌ಗೆ ಒಳಗಿನ ಜೋಡಿ ಖಂಡಿತ ಹೊಸದು. ನೀರು ಹೊಕ್ಕ ಹಬ್ ಆದ್ದರಿಂದ ಹೊರಗಿನ ಜೋಡಿಯನ್ನೂ ಬದಲಾಯಿಸಿ, ಅದರ ಬೆಲೆ ಏನೂ ದೊಡ್ಡದಲ್ಲ. ಎಡಗಡೆಯವನ್ನು ತೊಳೆದು ಗ್ರೀಸ್ ತುಂಬಿ ವಾಪಸ್ ಹಾಕಿ. ಯಾವ ಕೋನ್ ಯಾವ ಕಪ್ಪಿನದು ಅಂತ ಗುರುತು ಮಾಡಿಡಿ, ಜೋಡಿ ಅದಲುಬದಲಾಗಬಾರದು. ಹಳೆ ಕಪ್ಪಿಗೆ ಹೊಸ ಕೋನ್ ಅಂತೂ ಬೇಡವೇ ಬೇಡ.

ಹುಬ್ಬಳ್ಳಿ_ಹಬ್

ತೊಳದ ಮ್ಯಾಲೆ ಗಾಳಿ ಗನ್ ಹಿಡದು ಬೇರಿಂಗ್ "ಝುಂಯ್" ಅಂತ ತಿರುಗಿಸಬ್ಯಾಡ್ರಿ. ಎಣ್ಣಿ ಇಲ್ಲದ ರೋಲರ್ ಆ ವೇಗಕ್ಕ ಕೆಡ್ತಾವ, ಕೇಜ್ ಒಡದು ರೋಲರ್ ಮುಖಕ್ಕ ಹಾರಿದ್ರ ಕಣ್ಣ ಹೋಗ್ತದ. ಪೆಟ್ರೋಲ್‌ನ್ಯಾಗ ತೊಳೆಯೋದೂ ಬ್ಯಾಡ.

ಕುಡ್ಲ_ಕ್ಯಾಲಿಫೋರ್ನಿಯಾ

ಕಾವೇರಿಯವರೇ, ಇಷ್ಟೆಲ್ಲ ಬಿಚ್ಚುದು ಯಾಕೆ ಮಾರಾಯ್ರೆ? ನಿಮ್ಮ ಸ್ಪಿಂಡಲ್ ತುದಿಯಲ್ಲಿ ಗ್ರೀಸ್ ನಿಪ್ಪಲ್ ಉಂಟಾ ನೋಡಿ. ಉಂಟಾದ್ರೆ ಅದು ಈಜಿ ಲೂಬ್. ಕ್ಯಾಪಿನ ರಬ್ಬರ್ ಬಿರಡೆ ತೆಗೆದು ಗ್ರೀಸ್ ಗನ್ ಹಾಕಿದ್ರೆ ಆಯ್ತು. ಹೊಸ ಗ್ರೀಸ್ ಒಳಗಿನ ಬೇರಿಂಗ್ ಹಿಂದೆ ಹೋಗಿ, ಅಲ್ಲಿಂದ ಮುಂದೆ ಬಂದು, ಹಳೆಯದನ್ನು ಹೊರಗೆ ತಳ್ತದೆ.

ಗ್ರೀಸ್_ಕೈ

ಚಕ್ಕೆ ಎದ್ದ ಬೇರಿಂಗಿಗೆ ಎಷ್ಟು ಗ್ರೀಸ್ ತುಂಬಿದರೂ ಚಕ್ಕೆ ಮುಚ್ಚಲ್ಲವಲ್ಲ ಸರ್. ಈಜಿ ಲೂಬ್ ಕೆಟ್ಟ ಏರ್ಪಾಡಲ್ಲ, ಅದನ್ನು ಬಳಸುವ ರೀತಿ ಕೆಟ್ಟದ್ದು. ಚಕ್ರ ನೆಲದ ಮೇಲೇ ಇಟ್ಟು ಗನ್ ಜೋರಾಗಿ ಒತ್ತಿದರೆ ಗ್ರೀಸ್ ಮೊದಲು ಹೋಗೋದು ಸೀಲಿನ ಬೆನ್ನಿಗೆ. ಒತ್ತಡ ಹೆಚ್ಚಾದರೆ ತುಟಿ ದಾಟಿ ಬ್ರೇಕ್ ಒಳಗೆ. ಗ್ರೀಸ್ ಕುಡಿದ ಬ್ರೇಕ್ ಶೂ ಒರೆಸಿದರೆ ಸರಿಹೋಗಲ್ಲ, ಬದಲಾಯಿಸಲೇಬೇಕು. ಒಂದೇ ಚಕ್ರದ ಬ್ರೇಕ್ ಹಿಡಿಯದಿದ್ದರೆ ಟ್ರೇಲರ್ ಒಂದು ಕಡೆ ಎಳೆಯುತ್ತೆ.

ಬಳಸುವುದಾದರೆ: ಚಕ್ರ ಎತ್ತಿ, ಒಬ್ಬರು ನಿಧಾನ ತಿರುಗಿಸುತ್ತಿರಬೇಕು, ಇನ್ನೊಬ್ಬರು ಕೈ ಗನ್‌ನಲ್ಲಿ ನಿಧಾನ ಒತ್ತಬೇಕು. ಕರೆಂಟ್ ಗನ್ ಬೇಡ. ಮುಂದಿನಿಂದ ಹೊಸ ಗ್ರೀಸಿನ ಬಣ್ಣ ಕಂಡ ತಕ್ಷಣ ನಿಲ್ಲಿಸಿ. ಮೊದಲ ಸಲ ಹಬ್ ಖಾಲಿ ಇದ್ದರೆ ತುಂಬಾ ಗ್ರೀಸ್ ಹಿಡಿಯುತ್ತೆ, ಅರ್ಧಕ್ಕೆ ಬಿಟ್ಟರೆ ಹೊರಗಿನ ಬೇರಿಂಗಿಗೆ ತಲುಪಿರಲ್ಲ. ಇಷ್ಟಾದರೂ ಬ್ರೇಕ್ ಶೂ, ಮ್ಯಾಗ್ನೆಟ್, ಸೀಲ್ ನೋಡಲು ಹಬ್ ಬಿಚ್ಚಲೇಬೇಕು. ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಅದು, ಅನ್ನುವುದು ಆಕ್ಸಲ್ ತಯಾರಕರ ಲೆಕ್ಕ. ಹೇಗೂ ಬಿಚ್ಚಿದ ಮೇಲೆ ಕೈಯಲ್ಲೇ ತುಂಬಿ.

ಕುಡ್ಲ_ಕ್ಯಾಲಿಫೋರ್ನಿಯಾ

ಕೆಟ್ಟದ್ದನ್ನು ಬದಲಾಯಿಸಲಿಕ್ಕೆ ನಾನು ಬೇಡ ಹೇಳುದಿಲ್ಲ. ಆದ್ರೆ ಚೆನ್ನಾಗಿರುವ ಮೂರು ಹಬ್‌ಗೆ ನಿಪ್ಪಲ್ ಸಾಕು ಅಂತ ನನ್ನ ಲೆಕ್ಕ. ಬಿಚ್ಚಿದಷ್ಟು ಸಲ ಧೂಳು ಒಳಗೆ ಹೋಗುವ ಚಾನ್ಸ್ ಉಂಟು. ದೋಣಿ ಟ್ರೇಲರಿಗೆ ಹಾಕುವ ಸ್ಪ್ರಿಂಗ್ ಕ್ಯಾಪ್ ಮಾತ್ರ ಇಲ್ಲಿ ಬೇಡ. ಅದು ನೀರಲ್ಲಿ ಮುಳುಗುವ ಹಬ್‌ಗೆ ಇರುದು.

ಕೊಲಂಬಸ್_ಕಾವೇರಿ

ಯಾವ ಗ್ರೀಸ್? ಅಂಗಡಿಯಲ್ಲಿ ಕೆಂಪು, ನೀಲಿ, ಹಸಿರು ಎಲ್ಲ ಇದೆ.

ಮಿನ್ನೆಸೋಟಾ_ಮಲೆನಾಡು

ಬಣ್ಣಕ್ಕೆ ಅರ್ಥ ಇಲ್ಲ, ಅದು ಕಂಪನಿ ಹಾಕಿದ ಬಣ್ಣ ಅಷ್ಟೆ. ಡಬ್ಬಿಯ ಮೇಲೆ ಎನ್‌ಎಲ್‌ಜಿಐ 2 ಅಂತಲೂ ಜಿಸಿ-ಎಲ್‌ಬಿ ಅಂತಲೂ ಇರಬೇಕು. 2 ಅಂದರೆ ಗಟ್ಟಿತನ, ಜಿಸಿ ಅಂದರೆ ವೀಲ್ ಬೇರಿಂಗ್‌ಗೆ ಇರುವ ಮೇಲಿನ ದರ್ಜೆ, ಎಲ್‌ಬಿ ಅಂದರೆ ಚಾಸಿಗೆ. ಲಿಥಿಯಂ ಕಾಂಪ್ಲೆಕ್ಸ್ ತಗೊಳ್ಳಿ. ಡ್ರಾಪಿಂಗ್ ಪಾಯಿಂಟ್, ಅಂದರೆ ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ, ಕನಿಷ್ಠ 440 ಫ್ಯಾರನ್‌ಹೀಟ್, ಸುಮಾರು 227 ಸೆಲ್ಸಿಯಸ್ ಇರಲಿ. ಡ್ರಮ್ ಬ್ರೇಕಿನ ಬಿಸಿ ನೇರವಾಗಿ ಹಬ್‌ಗೆ ಇಳಿಯುತ್ತೆ, ಅದಕ್ಕೇ ಇಷ್ಟು. ಬೇರೆ ಜಾತಿಯ ಗ್ರೀಸ್ ಜತೆ ಬೆರೆಸಬೇಡಿ. ಕೆಲವು ಬೆರೆತರೆ ನೀರಾಗಿ ಸೋರುತ್ತವೆ. ನಿಪ್ಪಲ್ ಪಕ್ಷದವರು ನೆನಪಿಡಬೇಕಾದ್ದು ಇದು: ಒಳಗೆ ಮೊದಲು ಯಾವುದಿತ್ತೋ ಗೊತ್ತಿಲ್ಲದಿದ್ದರೆ ಒಮ್ಮೆ ಪೂರ್ತಿ ತೊಳೆಯುವುದೇ ದಾರಿ.

ತುಂಬುವ ರೀತಿ: ಅಂಗೈಯಲ್ಲಿ ಒಂದು ನಿಂಬೆಗಾತ್ರ ಗ್ರೀಸ್ ಇಟ್ಟು, ಕೋನ್‌ನ ಅಗಲ ಬದಿಯನ್ನು ಅದಕ್ಕೆ ಬಡಿಯುತ್ತಾ ಹೋಗಿ. ಮೇಲಿನ ಕಿರಿದಾದ ಬದಿಯಿಂದ ರೋಲರ್‌ಗಳ ನಡುವೆ ಗ್ರೀಸ್ ಎಳೆ ಎಳೆಯಾಗಿ ಹೊರಬಂದಾಗ ಆ ಭಾಗ ತುಂಬಿತು ಅಂತ. ತಿರುಗಿಸಿ ಸುತ್ತಲೂ ಹಾಗೇ ಮಾಡಿ. ಹೊರಗೆ ಬಳಿದರೆ ತುಂಬಿದಂತೆ ಕಾಣುತ್ತೆ, ಒಳಗೆ ಒಣಗಿರುತ್ತೆ.

ಕೊಲಂಬಸ್_ಕಾವೇರಿ

ಹಳೆ ಕಪ್ ತೆಗೆಯೋದು, ಹೊಸದು ಕೂರಿಸೋದು? ಪ್ರೆಸ್ ಇಲ್ಲ.

ಹುಬ್ಬಳ್ಳಿ_ಹಬ್

ಪ್ರೆಸ್ ಬ್ಯಾಡ್ರಿ. ಹಬ್ಬಿನ ಒಳಗ ನೋಡ್ರಿ, ಕಪ್ಪಿನ ಹಿಂದ ಎದುರಾಬದರ ಎರಡು ಕಚ್ಚು ಇರ್ತಾವ. ಆಕಡಿಯಿಂದ ಪಂಚ್ ಹಾಕಿ ಕಪ್ಪಿನ ಅಂಚಿಗೆ ಹಿಡದು ಒಮ್ಮಿ ಈ ಕಡೆ, ಒಮ್ಮಿ ಆ ಕಡೆ ಬಡೀರಿ. ಒಂದ ಕಡೆ ಬಡದ್ರ ಓರಿ ಆಗಿ ಸಿಕ್ಕೊಂತದ, ಹಬ್ಬಿನ ಗೋಡಿ ಕೆರೀತದ.

ಹೊಸಾ ಕಪ್ ಒಂದ ರಾತ್ರಿ ಫ್ರೀಜರ್‌ನ್ಯಾಗ ಇಡ್ರಿ, ಹಬ್ ಬಿಸಲಾಗ ಇಡ್ರಿ. ಕಪ್ಪಿನ ದಪ್ಪ ಅಂಚು ಒಳಗ, ಅಗಲ ಬಾಯಿ ನಿಮ್ಮ ಕಡೆ. ತಿರುಗ್ಸಿ ಹಾಕಿದ್ರ ಕೋನ್ ಕೂಡಂಗಿಲ್ಲ. ಬೇರಿಂಗ್ ಡ್ರೈವರ್ ಇದ್ರ ಛಲೋ. ಇಲ್ಲಾಂದ್ರ ಹಳೇ ಕಪ್ಪಿನ ಹೊರಮೈ ಗ್ರೈಂಡರ್‌ನ್ಯಾಗ ಸ್ವಲ್ಪ ಸವಿಸಿ, ಅದನ್ನ ಹೊಸಾದರ ಮ್ಯಾಲೆ ಇಟ್ಟು ಬಡೀರಿ. ಸವಿಸಲಿಲ್ಲ ಅಂದ್ರ ಹಳೇದೂ ಒಳಗ ಸಿಕ್ಕೊಂಡ ಕೂಡ್ತದ, ಆಮ್ಯಾಗ ಎರಡೂ ತಗೀಬೇಕು! ಹಿತ್ತಾಳಿ ಪಂಚ್ ಬಳಸಿದ್ರ ಚೂರು ಒಳಗ ಬೀಳ್ತಾವ, ಕಡೀಕ ಒರಸಿ ತಗೀರಿ. ರೋಲರ್ ಓಡೋ ಮೈಗೆ ಪಂಚ್ ತಾಗಸಬ್ಯಾಡ್ರಿ.

ಪೂರಾ ಕೂತದ್ದು ಕಿವಿಗೆ ಗೊತ್ತಾಗ್ತದ. ಮೊದಲ ಟಣ್ ಟಣ್ ಅಂತದ, ತಳಕ್ಕ ಮುಟ್ಟಿದ ಕೂಡಲೇ ದನಿ ಬದಲಾಗಿ ಗಟ್ಟಿ ಠಕ್ ಅಂತದ. ಕಚ್ಚಿನಾಗ ಇಣಕಿ ನೋಡ್ರಿ, ಕಪ್ಪಿಗೂ ಹಬ್ಬಿಗೂ ನಡುವ ಸಂದ ಇರಬಾರದು.

ಗ್ರೀಸ್_ಕೈ

ಸೀಲ್ ಕೂರಿಸುವಾಗ ಮರದ ಚೌಕ ಇಟ್ಟು ಮಟ್ಟಸವಾಗಿ, ಹಬ್ ಅಂಚಿಗೆ ಸರಿಸಮ ಆಗುವವರೆಗೆ. ಸ್ಪ್ರಿಂಗ್ ಇರುವ ತುಟಿ ಬೇರಿಂಗ್ ಕಡೆಗೆ. ತುಟಿಗೆ ಬೆರಳಲ್ಲಿ ಗ್ರೀಸ್ ಸವರಿ, ಒಣ ರಬ್ಬರ್ ಮೊದಲ ಮೈಲಿಯಲ್ಲೇ ಸುಡುತ್ತೆ. ಒಳಗಿನ ಕೋನನ್ನು ಸೀಲಿಗಿಂತ ಮೊದಲು ಇಟ್ಟಿದ್ದೀರಾ ನೋಡಿಕೊಳ್ಳಿ, ಮರೆಯುವವರು ಬಹಳ. ಸ್ಪಿಂಡಲ್‌ನಲ್ಲಿ ಸೀಲ್ ಓಡುವ ಜಾಗಕ್ಕೆ ಉಗುರು ಎಳೆದು ನೋಡಿ. ತುಕ್ಕಾದರೆ ನಯವಾದ ಎಮರಿ ಬಟ್ಟೆ ಸಾಕು. ಉಗುರು ನಿಲ್ಲುವಷ್ಟು ಗೀರಿದ್ದರೆ ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್ ತರಹದ ತೆಳು ಉಕ್ಕಿನ ತೋಳು ಹಾಕಬೇಕಾಗುತ್ತೆ.

ಡಲ್ಲಾಸ್_ದಾವಣಗೆರೆ

ನಟ್ ಎಷ್ಟು ಬಿಗಿ ಮಾಡಬೇಕು? ಒಬ್ಬರು 50 ಫುಟ್-ಪೌಂಡ್ ಅಂತಾರೆ, ಇನ್ನೊಬ್ಬರು ಬೆರಳಲ್ಲಿ ಅಂತಾರೆ.

ಮಿನ್ನೆಸೋಟಾ_ಮಲೆನಾಡು

ಇಬ್ಬರೂ ಅರ್ಧ ಅರ್ಧ ಹೇಳಿದ್ದಾರೆ. ಹಬ್ ಕೈಯಲ್ಲಿ ನಿಧಾನ ತಿರುಗಿಸುತ್ತಾ ನಟ್ಟನ್ನು ಸುಮಾರು 50 ಫುಟ್-ಪೌಂಡ್, ಅಂದರೆ 68 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಿ. ಇದು ಓಡಿಸುವ ಬಿಗಿ ಅಲ್ಲ. ಕಪ್ಪು, ಕೋನು ತಮ್ಮ ಜಾಗಕ್ಕೆ ಕೂರಲಿ, ನಡುವಿನ ಹೆಚ್ಚಿನ ಗ್ರೀಸ್ ಹಿಂಡಿ ಹೋಗಲಿ ಅಂತ. ಆಮೇಲೆ ನಟ್ ಪೂರ್ತಿ ಸಡಿಲ ಮಾಡಿ, ಈಗ ಹಬ್ ಅಲ್ಲಾಡಿಸಬೇಡಿ. ಬೆರಳಲ್ಲಿ ತಾಗುವವರೆಗೆ ತಿರುಗಿಸಿ. ನಟ್ ತಿರುಗದಂತೆ ಹಿಡಿಯುವ ಕಾಟರ್ ಪಿನ್‌ನ ತೂತು ಸರಿಹೊಂದಿದರೆ ಪಿನ್ ಹಾಕಿ. ಹೊಂದದಿದ್ದರೆ ಹಿಂದಿನ ಕಚ್ಚಿಗೆ ಸಡಿಲಿಸಿ, ಮುಂದಿನದಕ್ಕೆ ಬಿಗಿಸಬೇಡಿ. ಪಿನ್ ಯಾವಾಗಲೂ ಹೊಸದು. ಪಿನ್ ಹಾಕಿದ ಮೇಲೂ ನಟ್ ಬೆರಳಿಗೆ ಒಂದು ಚೂರು ಆಡಬೇಕು. ನಿಮ್ಮದರಲ್ಲಿ ಪಿನ್ ಬದಲು ಮಡಚುವ ಕಿವಿಯ ವಾಷರೋ ತಗಡಿನ ಕ್ಯಾಪೋ ಇದ್ದರೂ ಕ್ರಮ ಇದೇ.

ಚಕ್ರ ಹಾಕಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಇದೆಯೋ ಇಲ್ಲವೋ ಅನ್ನುವಷ್ಟು ಆಟ ಇದ್ದರೆ ಸರಿ. ಆ ಆಟ ಭಯಪಡಿಸುತ್ತೆ, ಹಾಗಾಗಿ ಜನ ಇನ್ನೊಂದು ಕಾಲು ಸುತ್ತು ಬಿಗಿ ಮಾಡುತ್ತಾರೆ. ಟ್ರೇಲರ್ ಬೇರಿಂಗ್ ಸುಡುವುದು ಬಹುಪಾಲು ಅಲ್ಲೇ. ಬಿಸಿಗೆ ಕೋನ್ ಹಿಗ್ಗಲು ಜಾಗ ಬೇಕು.

ಲೆಸ್ಟರ್_ಲಿಂಗರಾಜ

ಯುಕೆಯಲ್ಲಿ ಕಾರವಾನ್ ಇಟ್ಟುಕೊಂಡಿರುವವರು ಮೇಲಿನದನ್ನು ಓದಿ ನಟ್ ಸಡಿಲ ಮಾಡಲು ಹೋಗಬೇಡಿ. ಅಲ್-ಕೋ ಯೂರೋ ಆಕ್ಸಲ್‌ಗಳಲ್ಲಿ ಬೇರಿಂಗ್ ಮುಚ್ಚಿದ್ದು, ಗ್ರೀಸ್ ಮಾಡುವಂಥದ್ದಲ್ಲ. ಹಬ್ ನಟ್ 290 ನ್ಯೂಟನ್ ಮೀಟರ್‌ಗೆ ಬಿಗಿ, ಒಮ್ಮೆ ಬಿಚ್ಚಿದರೆ ಆ ನಟ್ ಮತ್ತೆ ಬಳಸುವಂತಿಲ್ಲ, ಹೊಸದೇ ಹಾಕಬೇಕು. ಮನೆಯ ಸಣ್ಣ ಟಾರ್ಕ್ ಪಾನಾ ಅಷ್ಟಕ್ಕೆ ಹೋಗುವುದಿಲ್ಲ.

ಗ್ರೀಸ್_ಕೈ

ಒಳ್ಳೆ ಸಮಯಕ್ಕೆ ಹೇಳಿದಿರಿ. ಎರಡೂ ಲೋಕ ಬೇರೆಯೇ.

ಡಲ್ಲಾಸ್_ದಾವಣಗೆರೆ

ಜಾಕ್ ಆಕ್ಸಲ್ ಕೊಳವೆಗೆ ಕೊಟ್ಟರೆ ಆಗುತ್ತಲ್ಲ?

ಹುಬ್ಬಳ್ಳಿ_ಹಬ್

ಬ್ಯಾಡ್ರಿ. ಕೊಳವಿ ಬಾಗಿದ್ರ ಚಕ್ರದ ಜೋಡಣಿ ಕೆಡ್ತದ, ಟೈರ್ ಒಂದ ಕಡೆ ತಿಂತದ. ಫ್ರೇಮ್‌ಗೆ ಕೊಡ್ರಿ, ಆಕ್ಸಲ್ ಸಮೀಪ. ಎತ್ತಿದ ಮ್ಯಾಲೆ ಸ್ಟ್ಯಾಂಡ್. ಆಕಡಿ ಚಕ್ರಕ್ಕ ಕಲ್ಲು. ಟ್ರೇಲರ್ ಗಾಡಿಗೆ ಕಟ್ಟಿದ್ರ ಇನ್ನೂ ಛಲೋ.

ಕೊಲಂಬಸ್_ಕಾವೇರಿ

ಎಲ್ಲರಿಗೂ ಧನ್ಯವಾದ. ಆರ್ಡರ್ ಹೀಗೆ: ಎಲ್ 68149 ಕೋನ್ 2, ಎಲ್ 68111 ಕಪ್ 2, ಎಲ್ 44649 ಕೋನ್ 2, ಎಲ್ 44610 ಕಪ್ 2, 10-19 ಸೀಲ್ 5, ಕಾಟರ್ ಪಿನ್ 6, 14 ಔನ್ಸ್ ಗ್ರೀಸ್ ಟ್ಯೂಬ್ 2. ಒಂದು ಜೋಡಿ ಈಗ ಹಾಕಲು, ಒಂದು ಜೋಡಿ ಗಾಡಿಯಲ್ಲಿ ಇಡಲು. ಬಲಗಡೆ ಮುಂದಿನ ಹಬ್ ಇನ್ನೂ ಬಿಚ್ಚಬೇಕು.

ಗ್ರೀಸ್_ಕೈ

ಲೆಕ್ಕ ಸರಿ. ಗಾಡಿಯಲ್ಲಿ ಇಡುವ ಕೋನ್‌ಗಳಿಗೆ ಈಗಲೇ ಗ್ರೀಸ್ ತುಂಬಿ ಜಿಪ್ ಚೀಲದಲ್ಲಿ ಹಾಕಿ, ಜತೆಗೆ ಒಂದು ಸೀಲ್, ಎರಡು ಪಿನ್, ಒಂದು ಗ್ರೀಸ್ ಕ್ಯಾಪ್. ಆದರೆ ದಾರಿಬದಿಯಲ್ಲಿ ಸುತ್ತಿಗೆ ಹಿಡಿದು ಕಪ್ ಬಡಿಯುವುದು ಕಷ್ಟ. ದೂರದ ಪ್ರಯಾಣವಿದ್ದರೆ ಕಪ್, ಒಳಗಿನ ಕೋನ್, ಸೀಲ್ ಎಲ್ಲ ಕೂರಿಸಿದ ಪೂರ್ತಿ ಡ್ರಮ್ ಒಂದನ್ನು ಸುತ್ತಿ ಇಟ್ಟುಕೊಳ್ಳುವುದು ಜಾಣತನ. ಸ್ಪಿಂಡಲ್ ಉಳಿದಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ದಾರಿ ಹಿಡಿಯಬಹುದು.

ವಾಪಸ್ ಜೋಡಿಸಿದ ಮೇಲೆ ಬ್ರೇಕಿನ ಸ್ಟಾರ್ ಚಕ್ರ, ಅಂದರೆ ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಹಲ್ಲಿನ ಚಕ್ರ, ಹೊಂದಿಸಿ. ಅರ್ಧ ಇಂಚಿನ ಸ್ಟಡ್ಡಿಗೆ ವೀಲ್ ನಟ್ 90ರಿಂದ 120 ಫುಟ್-ಪೌಂಡ್, ಎದುರುಬದುರಾಗಿ, ಮೂರು ಹಂತದಲ್ಲಿ. 10, 25, 50 ಮೈಲಿಗೆ ಮತ್ತೆ ಪಾನಾ ಹಾಕಿ.

ಮಿನ್ನೆಸೋಟಾ_ಮಲೆನಾಡು

ಆ 10 ಮೈಲಿಗೆ ನಿಂತಾಗ ಬಿಸಿ ನೋಡುವ ಗನ್ ಥರ್ಮಾಮೀಟರ್ ಇದ್ದರೆ ನಾಲ್ಕೂ ಹಬ್‌ಗೆ ಹಿಡಿಯಿರಿ. ಜೋರಾಗಿ ಬ್ರೇಕ್ ಹಾಕಿ ನಿಲ್ಲಿಸಿ ನೋಡಿದರೆ ಡ್ರಮ್ಮಿನ ಬಿಸಿಯೇ ಕಾಣುತ್ತೆ, ಹಾಗಾಗಿ ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ನಿಲ್ಲಿಸಿ. ಸಂಖ್ಯೆ ಎಷ್ಟು ಅನ್ನೋದಕ್ಕಿಂತ ನಾಲ್ಕರಲ್ಲಿ ಒಂದು ಎದ್ದು ಕಾಣುತ್ತಿದೆಯಾ ಅನ್ನೋದು ನೋಡಿ. ಎರಡು ಹೊಸ ಜೋಡಿ ಹಾಕಿದ ಹಬ್ ಒಂದಿಷ್ಟು ಬೆಚ್ಚಗಿದ್ದರೆ ಸಹಜ, ಹೊಸ ಸೀಲ್ ಉಜ್ಜುತ್ತಿರುತ್ತೆ. ಕೈ ಇಡಲಾಗದಷ್ಟು ಬಿಸಿಯಾದರೆ ಅಲ್ಲೇ ಕ್ಯಾಪ್ ತೆಗೆದು ನಟ್ ನೋಡಿ.

ಕೊಲಂಬಸ್_ಕಾವೇರಿ

ಬಲಗಡೆ ಮುಂದಿನದನ್ನೂ ಈಗ ಬಿಚ್ಚಿದೆ. ಬೇರಿಂಗ್ ಚೆನ್ನಾಗಿದೆ, ಸೀಲಿನ ಸ್ಪ್ರಿಂಗ್ ಕಳಚಿ ಹಬ್ ಒಳಗೆ ಬಿದ್ದಿದೆ. ಸ್ಪಿಂಡಲ್‌ನಲ್ಲಿ ಗೀರು ಇಲ್ಲ.

ಹುಬ್ಬಳ್ಳಿ_ಹಬ್

ಆ ಸ್ಪ್ರಿಂಗ್ ಪೂರಾ ಸಿಕ್ತೋ, ತುಂಡ ಸಿಕ್ತೋ ನೋಡ್ರಿ. ತುಂಡಾಗಿದ್ರ ಉಳದದ್ದು ರೋಲರ್ ನಡುವ ಇರ್ತದ, ಆ ಕೋನ್ ಇನ್ನೊಮ್ಮಿ ತೊಳೀರಿ.